ಎಓತ್ರೀಯಲ್ಲಿ ಹೋಮ್ಸ್-ವ್ಯಾಟ್ಸನ್ ಪ್ರೇಮಕಥೆ ಹುಡುಕಿದವಳ ರಿವ್ಯೂ

ಪೂರ್ತಿ ಹೆಸರು ಆರ್ಕೈವ್ ಆಫ್ ಅವರ್ ಓನ್, ಎಲ್ಲರೂ ಕರೆಯುವುದು ಎಓತ್ರೀ ಅಂತ. ಫ್ಯಾನ್‌ಫಿಕ್ಷನ್, ಅಂದರೆ ಬೇರೆಯವರ ಕಥೆಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ, ಓದಲು ಎರಡು ವರ್ಷದಿಂದ ನನಗೆ ಈ ವೆಬ್‌ಸೈಟ್ ಒಂದೇ ಸಾಕಾಗಿದೆ. ಮೊದಲು ಇನ್ಯಾವುದೋ ಆ್ಯಪ್‌ನಲ್ಲಿ ಕಾಯಿನ್ ಕೊಂಡು ಕೊಂಡು ಓದುತ್ತಿದ್ದೆ, ಮೂರು ಅಧ್ಯಾಯಕ್ಕೊಮ್ಮೆ ಬೀಗ. ಇಲ್ಲಿ ಆ ಕಾಟ ಇಲ್ಲ, ಜಾಹೀರಾತೂ ಇಲ್ಲ. ಸ್ವಯಂಸೇವಕರು ದೇಣಿಗೆಯಲ್ಲಿ ನಡೆಸುತ್ತಾರೆ, 2009ರಿಂದ ಇದೆ, 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು.

ಇದರ ಜೀವಾಳ ಟ್ಯಾಗು. ಯಾರಿಗೆ ಯಾರು ಜೋಡಿ, ಎಷ್ಟು ಪದ, ಮುಗಿದಿದೆಯೋ ಇಲ್ಲವೋ, ಎಲ್ಲಾ ಕಥೆ ತೆರೆಯುವ ಮುಂಚೆಯೇ ಕಾಣುತ್ತದೆ. ‘ಎಕ್ಸ್‌ಪ್ಲಿಸಿಟ್’ ಅಂತಿದ್ದರೆ ಮಂಚದ ಮೇಲಿನದ್ದಕ್ಕೂ ಮುಚ್ಚುಮರೆ ಇಲ್ಲ ಅಂತ ಅರ್ಥ, ಬೇಡದವರು ಫಿಲ್ಟರ್‌ನಲ್ಲೇ ತೆಗೆದುಹಾಕಬಹುದು. ‘ಸ್ಲೋ ಬರ್ನ್’ ಅಂದರೆ ಪ್ರೇಮ ನಿಧಾನಕ್ಕೆ ಹೊತ್ತಿಕೊಳ್ಳುವ ಕಥೆ; ಕಾಯಬೇಕು, ಚೆನ್ನಾಗಿ ಕಾಯಬೇಕು. ಕುಡೋಸ್ (ಓದುಗರು ಒತ್ತುವ ಮೆಚ್ಚುಗೆ, ಲೈಕ್ ಇದ್ದ ಹಾಗೆ) ನೋಡಿ ಆರಿಸಬೇಡಿ, ಹಳೇ ಕಥೆಗಳಿಗೆ ಅದು ತಾನಾಗೇ ಜಾಸ್ತಿ ಇರುತ್ತದೆ.

ಆದರೆ ಯಾವುದು ಒಳ್ಳೆಯದು ಅಂತ ಟ್ಯಾಗು ಹೇಳುವುದಿಲ್ಲ, ಅದನ್ನು ನಾವೇ ಮೂಸಿ ನೋಡಬೇಕು. ಷರ್ಲಾಕ್ ಹೋಮ್ಸ್-ವ್ಯಾಟ್ಸನ್ ಜೋಡಿಯನ್ನೇ ತಗೊಳ್ಳಿ. ಕಾನನ್ ಡಾಯ್ಲ್ ಮೊದಲ ಕಾದಂಬರಿಯಲ್ಲಿ ವ್ಯಾಟ್ಸನ್‌ಗೆ ಯುದ್ಧದಲ್ಲಿ ಗುಂಡು ಬಿದ್ದದ್ದು ಭುಜಕ್ಕೆ ಅಂತಾರೆ, ಎರಡನೆಯದರಲ್ಲಿ ಕಾಲಿಗೆ. ನಾನು ಓದಿದ ಒಂದು ಕಥೆ ಈ ಎಡವಟ್ಟನ್ನೇ ಹಿಡಿದುಕೊಂಡಿತ್ತು. ಬೂಟಿನ ಕೆಸರು ನೋಡಿ ಊರು ಹೇಳುವ ಹೋಮ್ಸ್‌ಗೆ ಜೊತೆಯಲ್ಲೇ ಇರುವವನ ಗಾಯ ಎಲ್ಲಿದೆ ಅಂತ ಗೊತ್ತಿಲ್ಲ, ಕೇಳುವುದಕ್ಕೆ ಸಂಕೋಚ. ಹದಿನೇಳನೇ ಅಧ್ಯಾಯದಲ್ಲಿ ಅಂತೂ ಅಂಗಿಯ ಗುಂಡಿ ಬಿಚ್ಚಿ, ಭುಜದ ಮೇಲೆ ಬೆರಳಿಟ್ಟು, ‘ಇಲ್ಲಿ, ಅಲ್ವಾ?’ ಅಂತಾನೆ. ವ್ಯಾಟ್ಸನ್ ನಗುತ್ತಾ, ‘ಒಂದು ಅಲ್ಲಿ’ ಅಂತಾನೆ. ಅಷ್ಟೇ! ಮುಂದಿನ ನಾಲ್ಕು ಪುಟದಲ್ಲಿ ಆಗುವುದೆಲ್ಲಾ ಆಗುತ್ತದೆ, ಆದರೆ ನನಗೆ ಮೈ ಜುಮ್ಮೆಂದದ್ದು ಇಲ್ಲಿ.

ಇನ್ನೊಂದರಲ್ಲಿ ಎರಡನೇ ಪುಟಕ್ಕೇ ಹಾಸಿಗೆ. ಹೋಮ್ಸ್ ವ್ಯಾಟ್ಸನ್‌ನನ್ನು ‘ಬೇಬಿ’ ಅಂತ ಕರೆಯುತ್ತಾನೆ, ಅಯ್ಯೋ. ಹೆಸರು ಅಳಿಸಿ ಪಕ್ಕದ ಬೀದಿಯವರ ಹೆಸರು ಹಾಕಿದರೂ ಕಥೆಗೆ ಏನೂ ಆಗುವುದಿಲ್ಲ. ಯಾರ ಕೈ ಎಲ್ಲಿ ಅಂತ ಬಿಡದೆ ವರದಿ ಒಪ್ಪಿಸಿದ್ದಾರೆ, ಒಂದು ಕಡೆ ನಾನು ಎಣಿಸಿದರೆ ಹೋಮ್ಸ್‌ಗೆ ಮೂರು ಕೈ. ಬಟ್ಟೆ ಕಳಚಿದ ತಕ್ಷಣ ಅವನ ಕೊಂಕು, ಗತ್ತು, ಮಾತಿನ ವರಸೆಯೂ ಕಳಚಿಬಿದ್ದರೆ ನಾನು ಓದುತ್ತಿರುವುದು ಯಾರ ಕಥೆ? ಮೂಲದಲ್ಲೇ ಡಾಯ್ಲ್ ಎಷ್ಟು ಎಳೆ ಬಿಟ್ಟಿದ್ದಾರೆ ನೋಡಿ: 1924ರ ಒಂದು ಕಥೆಯಲ್ಲಿ ವ್ಯಾಟ್ಸನ್‌ಗೆ ಗುಂಡು ತಗುಲಿದಾಗ ಹೋಮ್ಸ್‌ನ ತುಟಿ ನಡುಗುತ್ತದೆ. ಅಷ್ಟು ವರ್ಷದಲ್ಲಿ ಅದೊಂದೇ ಸಲ ಅವನ ಒಳಗು ಕಂಡದ್ದು ಅಂತ ವ್ಯಾಟ್ಸನ್ನೇ ಹೇಳಿಕೊಳ್ಳುತ್ತಾನೆ. ಆ ನಡುಕದಿಂದ ಶುರು ಮಾಡಿದವರ ಕಥೆ ಸಾಮಾನ್ಯವಾಗಿ ಕೆಡುವುದಿಲ್ಲ.

ಐದಕ್ಕೆ ನಾಲ್ಕೂವರೆ. ಒಬ್ಬ ಲೇಖಕರು 31ನೇ ಅಧ್ಯಾಯದಲ್ಲಿ, ಮುತ್ತು ಕೊಡುವುದಕ್ಕೆ ಇನ್ನೊಂದು ಸಾಲು ಇರುವಾಗ ಮಾಯವಾದರು. ‘ಮುಗಿದ ಕಥೆ ಮಾತ್ರ’ ಅನ್ನುವ ಫಿಲ್ಟರ್ ಇರುವುದು ನನಗೆ ಗೊತ್ತಾದದ್ದು ಆಮೇಲೆ, ನೀವು ಮೊದಲೇ ಒತ್ತಿಬಿಡಿ.