‘ಕೂಲಿ’ ಸಿನಿಮಾಗೆ ಮಗನನ್ನು ಕರೆದುಕೊಂಡು ಹೋದೆವು, ಗೇಟಿನಲ್ಲೇ ತಡೆದರು: ಟಿಕೆಟ್ ಮಾಡುವ ಮುಂಚೆ ಆ ‘ಎ’ ನೋಡಿಕೊಳ್ಳಿ

ಮಕ್ಕಳಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ರಜನಿಕಾಂತ್ ಅಂದರೆ ಮೂರು ತಲೆಮಾರಿನ ಹುಚ್ಚು. ನನ್ನಪ್ಪ ಬೆಂಗಳೂರಿನ ಆಗಿನ ಸಿಟಿ ಬಸ್ ಸಂಸ್ಥೆ ಬಿಟಿಎಸ್‌ನಲ್ಲಿ ಕಂಡಕ್ಟರ್ ಆಗಿದ್ದವರು. ರಜನಿ, ಅಂದರೆ ಆಗಿನ ಶಿವಾಜಿ ರಾವ್ ಗಾಯಕವಾಡ್, ಅಲ್ಲೇ ಟಿಕೆಟ್ ಹರಿಯುವ ಕೆಲಸ ಬಿಟ್ಟು ಮದರಾಸಿಗೆ ಹೋದ ಕೆಲವು ವರ್ಷಗಳ ನಂತರ ಅಪ್ಪ ಕೆಲಸಕ್ಕೆ ಸೇರಿದ್ದು. ಇಬ್ಬರೂ ಒಟ್ಟಿಗೆ ಡ್ಯೂಟಿ ಮಾಡಿಲ್ಲ. ಆದರೂ ಅಪ್ಪನ ಬಾಯಲ್ಲಿ ಅವರು ಇವತ್ತಿಗೂ ‘ನಮ್ಮ ಡಿಪಾರ್ಟ್‌ಮೆಂಟಿನವರು’.

‘ಕೂಲಿ’ ಬರುವ ಮುಂಚೆ ಒಂದು ಸುದ್ದಿ ಓದಿ ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಸಿನಿಮಾದಲ್ಲಿ ರಜನಿಯ ತೋಳಿನಲ್ಲಿರುವ ಬಿಲ್ಲೆಯ ನಂಬರ್ 1421. ಅದು ನಿರ್ದೇಶಕ ಲೋಕೇಶ್ ಕನಕರಾಜ್ ಅವರ ತಂದೆಯ ನಂಬರ್. ಆ ತಂದೆಯೂ ಬಸ್ ಕಂಡಕ್ಟರ್. ಅಪ್ಪ ಅವತ್ತೇ ಟ್ರಂಕ್ ತೆಗೆದು ತಮ್ಮ ಹಿತ್ತಾಳೆ ಬಿಲ್ಲೆ ಹುಡುಕಿ ಹುಣಸೆಹಣ್ಣು ಹಾಕಿ ಉಜ್ಜಿದರು. ನನ್ನ ಮಗನಿಗೆ ಹನ್ನೊಂದು ವರ್ಷ. ‘ತಾತ, ಸಿನಿಮಾಗೆ ನಾನು ಇದನ್ನ ಹಾಕ್ಕೊಂಡು ಬರ್ತೀನಿ’ ಅಂದ.

ಸಿನಿಮಾ ಬಿಡುಗಡೆಯಾಗಿದ್ದು 2025ರ ಆಗಸ್ಟ್ 14, ಗುರುವಾರ. ಮರುದಿನ ಸ್ವಾತಂತ್ರ್ಯ ದಿನದ ರಜೆ. ಬೆಂಗಳೂರಿನಲ್ಲಿ ಮೊದಲ ದಿನ ಬೆಳಗಿನ ಜಾವವೇ ಶೋಗಳು ಶುರುವಾಗಿದ್ದವು. ತಮಿಳುನಾಡಿನಲ್ಲಿ ಬೆಳಿಗ್ಗೆ 9ಕ್ಕೆ ಮುಂಚೆ ಶೋ ಇಲ್ಲದ ಕಾರಣ ಗಡಿ ದಾಟಿ ಇಲ್ಲಿಗೆ ಬರುವವರೂ ಇರುತ್ತಾರೆ. ಟಿಕೆಟ್ ಎಷ್ಟು ಬೇಗ ಖಾಲಿಯಾಗುತ್ತಿತ್ತು ಅಂದರೆ, ಆ್ಯಪ್‌ನಲ್ಲಿ ನಾಲ್ಕು ಸೀಟು ಒಟ್ಟಿಗೆ ಕಂಡ ತಕ್ಷಣ ನಾನು ಒತ್ತಿಬಿಟ್ಟೆ. 15ರ ಸಂಜೆಯ ಶೋ. ಅಪ್ಪ, ನಾನು, ನಮ್ಮೆಜಮಾನರು, ಮಗ. ಒಂದೊಂದು 450 ರೂಪಾಯಿ, ಅದರ ಮೇಲೆ ಬುಕಿಂಗ್ ಚಾರ್ಜು.

ಸೀಟು ಆರಿಸುವ ಮುಂಚೆ ಪರದೆಯ ಮೇಲೆ ಒಂದು ಚಿಕ್ಕ ಚೌಕ ಬಂದಿತ್ತು. ಹದಿನೆಂಟು ತುಂಬದವರಿಗೆ ಪ್ರವೇಶ ಇಲ್ಲ, ವಯಸ್ಸಿನ ದಾಖಲೆ ತನ್ನಿ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಒಪ್ಪಿಗೆಯ ಬಟನ್. ಓದದೆ ಒತ್ತಿದೆ. ಆ್ಯಪ್‌ನಲ್ಲಿ ಏನೇ ಬಂದರೂ ನಾವೆಲ್ಲ ಹೀಗೇ ಒತ್ತುತ್ತೇವೆ ಅಲ್ವಾ? ತಪ್ಪಾಗಿದ್ದು ಅಲ್ಲೇ.

ಮಾಲ್ ತಲುಪಿದಾಗ ಸಂಜೆ ಆರೂವರೆ. ಬಿಳಿ ಶರ್ಟಿನ ತೋಳಿಗೆ ಮಗ ಬಿಲ್ಲೆ ಕಟ್ಟಿಕೊಂಡಿದ್ದ. ಬೆಳಿಗ್ಗೆ ಸ್ಕೂಲಿನ ಧ್ವಜಾರೋಹಣದಲ್ಲಿ ಚುಚ್ಚಿದ ಪುಟ್ಟ ಬಾವುಟ ಇನ್ನೂ ಜೇಬಿನ ಮೇಲೇ ಇತ್ತು. ಟಿಕೆಟ್ ಸ್ಕ್ಯಾನ್ ಮಾಡುವ ಹುಡುಗ ಅವನನ್ನು ನೋಡಿ ಮೊದಲು ನಕ್ಕ. ಆಮೇಲೆ ಕೇಳಿದ, ‘ಮೇಡಂ, ಇವರ ವಯಸ್ಸೆಷ್ಟು?’

ನಾನು ನಿಜ ಹೇಳಿದೆ. ‘ಬಿಡೋಕಾಗಲ್ಲ ಮೇಡಂ. ಎ ಸರ್ಟಿಫಿಕೇಟ್’ ಅಂದ.

ನನಗೆ ಅರ್ಥವೇ ಆಗಲಿಲ್ಲ. ರಜನಿ ಸಿನಿಮಾಗೆ ಎ? ಅಪ್ಪನ ಹೆಗಲ ಮೇಲೆ ಕೂತು ನಾನು ನೋಡಿದ್ದೇ ಆ ಮನುಷ್ಯನ ಸಿನಿಮಾಗಳನ್ನು. ಮೂರು ದಶಕಕ್ಕೂ ಜಾಸ್ತಿ ಕಾಲ ಅವರ ಸಿನಿಮಾಗೆ ಎ ಬಂದಿರಲಿಲ್ಲ. ಅವರದೇ ‘ಜೈಲರ್’ ಸಿನಿಮಾದಲ್ಲಿ ರಕ್ತ ಕಡಿಮೆ ಇರಲಿಲ್ಲ, ಅದಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಯುಎ ಕೊಟ್ಟಿದ್ದರು. ಅದೇ ಧೈರ್ಯದಲ್ಲಿ ಜಗಳಕ್ಕೆ ನಿಂತೆ. ಅಪ್ಪ ಅಮ್ಮ ಜೊತೆಗಿದ್ದೇವೆ, ನಮ್ಮ ಜವಾಬ್ದಾರಿ, ಬೇಕಾದರೆ ಬರೆದು ಕೊಡುತ್ತೇವೆ ಅಂದೆ. ಮ್ಯಾನೇಜರ್ ಬಂದರು. ಅವರದೂ ಅದೇ ಮಾತು. ಹಣ ವಾಪಸ್ ಕೇಳಿದರೆ, ಶೋ ಹೊತ್ತಿಗೆ ಕ್ಯಾನ್ಸಲ್ ಇಲ್ಲ ಅಂದರು. ನಾಲ್ಕು ಟಿಕೆಟ್ಟಿನಲ್ಲಿ ಒಂದು ಪೈಸೆಯೂ ಬರಲಿಲ್ಲ.

ನಮ್ಮ ಹಿಂದೆ ಇನ್ನೂ ಎರಡು ಸಂಸಾರಗಳು ಮಕ್ಕಳ ಜೊತೆ ನಿಂತಿದ್ದವು. ಕಾಲೇಜು ಹುಡುಗಿಯೊಬ್ಬಳನ್ನೂ ತಡೆದರು. ಅವಳಿಗೆ ಹತ್ತೊಂಬತ್ತಂತೆ, ಕೈಯಲ್ಲಿ ದಾಖಲೆ ಇರಲಿಲ್ಲ. ಫೋನಿನ ಡಿಜಿಲಾಕರ್‌ನಲ್ಲಿ ಆಧಾರ್ ತೋರಿಸಿದ ಮೇಲೆ ಒಳಗೆ ಬಿಟ್ಟರು. ಹದಿನೆಂಟು, ಹತ್ತೊಂಬತ್ತರ ಮಕ್ಕಳಿದ್ದರೆ ಇದನ್ನು ಹೇಳಿ ಕಳಿಸಿ.

ಅಪ್ಪ ಮೊಮ್ಮಗನನ್ನು ಕರೆದುಕೊಂಡು ಹೊರಗೆ ಕೂರುತ್ತೇನೆ ಅಂದರು. ‘ನೀವಿಬ್ಬರು ಹೋಗಿ ಬನ್ನಿ ಮಗಳೇ, ನಾನು ಇನ್ನೊಂದು ದಿನ ನೋಡ್ತೀನಿ.’ ಎಪ್ಪತ್ತೆರಡು ವರ್ಷದ ಮನುಷ್ಯ, ತಿಂಗಳಿಂದ ಕಾಯುತ್ತಿದ್ದವರು. ಕೊನೆಗೆ ನಮ್ಮೆಜಮಾನರೇ ಮಗನ ಜೊತೆ ಉಳಿದರು. ಎಸ್ಕಲೇಟರ್ ಪಕ್ಕದಲ್ಲಿ ನಿಂತು ಮಗ ತೋಳಿನ ಬಿಲ್ಲೆ ಬಿಚ್ಚುತ್ತಿದ್ದ. ದಾರ ಗಂಟಾಗಿತ್ತು. ಬಿಚ್ಚಲು ಬರದೆ ಹಲ್ಲಿನಲ್ಲಿ ಎಳೆಯುತ್ತಾ ಅಳುತ್ತಿದ್ದ. ನಾನು ತಿರುಗಿ ನೋಡಿದೆ, ಆಮೇಲೆ ಒಳಗೆ ಹೋದೆ. ಹೋಗಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಒಳಗೆ ಕೂತ ಮೇಲೆ ಇನ್ನೊಂದು ವಿಷಯ ಅರ್ಥವಾಯಿತು. ಆ ಹುಡುಗ ನನ್ನ ಮಗನನ್ನು ತಡೆದದ್ದೇ ಸರಿ.

ಕಥೆ ಬಿಡಿಸಿ ಹೇಳುವುದಿಲ್ಲ. ಹೆಣವನ್ನು ಕೂರಿಸಿ ಕ್ಷಣದಲ್ಲಿ ಸುಟ್ಟುಬಿಡುವ ಒಂದು ಕುರ್ಚಿ ಇದೆ. ಸತ್ಯರಾಜ್ ಮಾಡಿರುವ ರಾಜಶೇಖರ್ ಪಾತ್ರ ಕಂಡುಹಿಡಿದದ್ದು. ಆ ಕುರ್ಚಿಯ ಸುತ್ತಲೇ ಕಥೆ ನಡೆಯುತ್ತದೆ. ಅದು ಒಂದು ದೃಶ್ಯಕ್ಕೆ ಬಂದು ಹೋಗುವ ವಸ್ತು ಅಲ್ಲ. ಹೆಣಗಳು ಬರುತ್ತಲೇ ಇರುತ್ತವೆ. ಸೌಬಿನ್ ಶಾಹಿರ್ ಪಾತ್ರ ನಗುನಗುತ್ತಲೇ ಮಾಡುವ ಕೆಲಸಗಳನ್ನು ನೋಡಿ ನನಗೇ ಕೈ ತಣ್ಣಗಾಯಿತು. ಹಾಡಿನಲ್ಲಿ ಅಷ್ಟು ಚೆಂದ ಕುಣಿದ ಮನುಷ್ಯ ಅವನೇನಾ ಅನ್ನಿಸಿತು. ನನ್ನ ಮಗ ರಾತ್ರಿ ಬಾತ್‌ರೂಮಿಗೆ ಹೋಗಲು ದೀಪ ಹಾಕು ಅನ್ನುವವನು. ಅವನು ಆ ಕುರ್ಚಿಯನ್ನು ಆ ದೊಡ್ಡ ಪರದೆಯಲ್ಲಿ, ಎದೆ ನಡುಗಿಸುವ ಆ ಸೌಂಡಿನಲ್ಲಿ ನೋಡಿದ್ದರೆ? ಅದನ್ನು ನೆನೆದರೇ ಭಯವಾಗುತ್ತದೆ.

ಅಭಿಮಾನಿಯಾಗಿ ಖುಷಿಯೂ ಆಯಿತು, ಸುಳ್ಳು ಹೇಳಲ್ಲ. ಫ್ಲ್ಯಾಷ್‌ಬ್ಯಾಕ್‌ನಲ್ಲಿ ಹಳೆಯ ಕಾಲದ ರಜನಿ ಬಂದಾಗ ಅಪ್ಪ ಸೀಟಿನಿಂದ ಎದ್ದು ನಿಂತರು. ಉಪೇಂದ್ರ ಬಂದಾಗ ಥಿಯೇಟರ್ ಹಾರಿಹೋಗುವ ಹಾಗೆ ಕೂಗಿದರು, ನಾನೂ ಕೂಗಿದೆ. ನಮ್ಮ ರಚಿತಾ ರಾಮ್ ಪಾತ್ರ ಇಷ್ಟು ಗಟ್ಟಿ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಗಾರ್ಜುನ ವಿಲನ್ ಆಗಿ ಚೆನ್ನಾಗಿ ಕಾಣುತ್ತಾರೆ, ಬರೆದಿರುವ ಪಾತ್ರ ಸಾಲದು. ಅನಿರುದ್ಧ್ ಸಂಗೀತ ಎಷ್ಟೋ ಸಪ್ಪೆ ದೃಶ್ಯಗಳನ್ನು ಎತ್ತಿ ನಿಲ್ಲಿಸಿದೆ. ಆದರೆ 170 ನಿಮಿಷ ಜಾಸ್ತಿಯಾಯಿತು. ಇಂಟರ್ವಲ್ ಆದ ಮೇಲೆ ಕಥೆ ದಾರಿ ತಪ್ಪುತ್ತದೆ. ಶ್ರುತಿ ಹಾಸನ್ ಪಾತ್ರಕ್ಕೆ ಅಳುವುದು, ಸಿಕ್ಕಿಹಾಕಿಕೊಳ್ಳುವುದು ಬಿಟ್ಟರೆ ಹೆಚ್ಚು ಕೆಲಸ ಕೊಟ್ಟಿಲ್ಲ. ಅದು ನನಗೆ ಬೇಸರ.

ಈಗ ಮುಖ್ಯ ವಿಷಯ. ಸೆನ್ಸಾರ್ ಸರ್ಟಿಫಿಕೇಟ್ ಬಗ್ಗೆ ನನಗೆ ಗೊತ್ತಿಲ್ಲದ್ದು ಎಷ್ಟಿತ್ತು ಅಂತ ಆಮೇಲೆ ತಿಳಿಯಿತು. ಯು ಅಂದರೆ ಎಲ್ಲರೂ ನೋಡಬಹುದು. ಯುಎಯನ್ನು ಈಗ ಮೂರು ಮಾಡಿದ್ದಾರೆ: 7+, 13+, 16+. 2023ರಲ್ಲಿ ಸಿನಿಮಾ ಕಾಯ್ದೆ ತಿದ್ದುಪಡಿ ಆದ ಮೇಲೆ ಬಂದದ್ದು. ಅದು ಅಪ್ಪ ಅಮ್ಮನಿಗೆ ಕೊಡುವ ಸಲಹೆ. ಒಂಬತ್ತು ವರ್ಷದ ಮಗುವನ್ನು 13+ ಸಿನಿಮಾಗೆ ಕರೆದುಕೊಂಡು ಹೋಗಬೇಕಾ ಬೇಡವಾ ಅನ್ನುವುದು ನಮಗೆ ಬಿಟ್ಟದ್ದು. ಎ ಹಾಗಲ್ಲ. ಹದಿನೆಂಟು ತುಂಬದವರನ್ನು ಒಳಗೆ ಬಿಡುವ ಹಾಗೇ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೇ, ಬರೆದು ಕೊಟ್ಟರೂ ಅಷ್ಟೇ. ಬಿಟ್ಟರೆ ಥಿಯೇಟರಿನವರೇ ಸಿಕ್ಕಿಬೀಳುತ್ತಾರೆ. ನಾನು ಗೇಟಿನಲ್ಲಿ ಯಾರ ಮೇಲೆ ಕೂಗಾಡಿದೆನೋ ಆ ಹುಡುಗ ಅವನ ಕೆಲಸವನ್ನು ಸರಿಯಾಗಿ ಮಾಡಿದ್ದ.

ಸಿನಿಮಾ ಬಿಡುಗಡೆಯಾದ ಮೇಲೆ ಯುಎ ಕೊಡಿ ಅಂತ ನಿರ್ಮಾಪಕರು ಮದರಾಸು ಹೈಕೋರ್ಟಿಗೂ ಹೋದರು. ಆಗಸ್ಟ್ ಮುಗಿಯುವ ಮುಂಚೆಯೇ ಕೋರ್ಟ್ ಅರ್ಜಿ ವಜಾ ಮಾಡಿತು. ಎ ಹಾಗೇ ಉಳಿಯಿತು.

ಥಿಯೇಟರಿನವರ ಮೇಲೆ ನನಗಿರುವ ದೂರು ಒಂದೇ. ಹನ್ನೊಂದು ವರ್ಷದ ಮಗುವಿನ ಟಿಕೆಟ್ ದುಡ್ಡನ್ನಾದರೂ ವಾಪಸ್ ಕೊಡಬೇಕಿತ್ತು. ಸೀಟು ಖಾಲಿ ಬಿಟ್ಟು ಹಣ ಇಟ್ಟುಕೊಳ್ಳುವುದು ನ್ಯಾಯ ಅಲ್ಲ. ರಜೆಯ ದಿನ, ಸ್ಟಾರ್ ಸಿನಿಮಾ, ಸಂಸಾರ ಸಮೇತ ಜನ ಬರುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮಾಲ್ ಬಾಗಿಲಲ್ಲಿ ಕನ್ನಡದಲ್ಲಿ ಒಂದು ದೊಡ್ಡ ಬೋರ್ಡ್ ಹಾಕಬಹುದಿತ್ತು.

ನೀವು ಮಾಡಬೇಕಾದ್ದು ಅರ್ಧ ನಿಮಿಷದ ಕೆಲಸ. ಆ್ಯಪ್‌ನಲ್ಲಿ ಸಿನಿಮಾ ಹೆಸರಿನ ಹತ್ತಿರವೇ ಭಾಷೆ, ಅವಧಿ, ಸರ್ಟಿಫಿಕೇಟ್ ಇರುತ್ತದೆ. ಅದನ್ನು ನೋಡಿ. ಟ್ರೈಲರ್ ನೋಡಿ, ಹೀರೋ ಯಾರು ಅಂತ ನೋಡಿ ತೀರ್ಮಾನ ಮಾಡಬೇಡಿ. ಮಕ್ಕಳಿಗೆ ಸಿನಿಮಾ ಆಸೆ ಹುಟ್ಟಿಸುವ ಮುಂಚೆ ನೋಡಿ. ಕ್ಯಾನ್ಸಲ್ ಮಾಡಲು ಆಗುತ್ತದಾ, ಎಷ್ಟು ಗಂಟೆ ಮುಂಚೆ ಅಂತಲೂ ನೋಡಿ, ಎಲ್ಲ ಥಿಯೇಟರಿಗೂ ಒಂದೇ ನಿಯಮ ಇಲ್ಲ.

ಸೆಪ್ಟೆಂಬರ್ 11ಕ್ಕೆ ಸಿನಿಮಾ ಪ್ರೈಮ್ ವಿಡಿಯೋಗೆ ಬಂತು. ಮನೆಯ ಟಿವಿ ಮುಂದೆ ತಡೆಯುವ ಹುಡುಗ ಯಾರೂ ಇರುವುದಿಲ್ಲ. ಅವತ್ತೇ ನಾವು ಪಿನ್ ಹಾಕಿದೆವು. ಮಗ ಒಂದು ಸಲ ರಿಮೋಟ್ ಹಿಡಿದು ನನ್ನ ಮುಖ ನೋಡಿದ. ನಾನು ಬೇಡ ಅಂದೆ, ಯಾಕೆ ಅಂತಲೂ ಕೂರಿಸಿಕೊಂಡು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ತಾತನ ಹತ್ತಿರ ಹೋಗಿ ಬಿಲ್ಲೆ ಕೇಳಿದ. ಗಂಟಾಗಿದ್ದ ಆ ದಾರವನ್ನು ಅಪ್ಪ ಕತ್ತರಿಸಿ, ಹೊಸದು ಕಟ್ಟಿ ಕೊಟ್ಟರು.