ಡಿಸ್ಕೋಸೋಮಾ, ರೋಡಾಕ್ಟಿಸ್, ರಿಕಾರ್ಡಿಯಾ: ಮೂರು ಮಶ್ರೂಮ್ ಹವಳ, ಒಂದೇ ಟ್ಯಾಂಕ್

ಮನೆಯ ಉಪ್ಪುನೀರಿನ ಟ್ಯಾಂಕ್‌ಗೆ ಮೊದಲ ಹವಳ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮಶ್ರೂಮ್, ಅಂದರೆ ಅಣಬೆಯಂತೆ ಕಾಣುವ ಹವಳ, ಅನ್ನುತ್ತೇನೆ. ಇವಕ್ಕೆ ಸುಣ್ಣದ ಗೂಡಿಲ್ಲ, ಆದ್ದರಿಂದ ಕ್ಯಾಲ್ಸಿಯಂ ಲೆಕ್ಕ ಹಾಕುವ ತಲೆನೋವು ಕಡಿಮೆ. ಆದರೆ ಯಾವ ಮಶ್ರೂಮ್? ಅಂಗಡಿಯವರು ಎಲ್ಲವನ್ನೂ ಅದೇ ಹೆಸರಲ್ಲಿ ಕೊಡುತ್ತಾರೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಡಿಸ್ಕೋಸೋಮಾ, ರೋಡಾಕ್ಟಿಸ್, ರಿಕಾರ್ಡಿಯಾ ಅನ್ನುವ ಮೂರು ಬಗೆಯನ್ನೂ ಒಂದೇ ನೀರಲ್ಲಿ ಸಾಕಿದ್ದೇನೆ: 25–26 ಡಿಗ್ರಿ, ಉಪ್ಪು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ). ಸ್ವಭಾವ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಡಿಸ್ಕೋಸೋಮಾ ತುಂಬ ಸಾಧು. ಕೆಳಗೆ, ಕಲ್ಲಿನ ನೆರಳಲ್ಲಿ ಕೂರಿಸಿದರೆ ಸಾಕು. ಲೈಟ್ ಜಾಸ್ತಿಯಾದರೆ ಅಂಚು ಮಡಚಿ ಕುಗ್ಗುತ್ತದೆ. ತೀರಾ ಕಡಿಮೆಯಾದರೆ ಕಾಂಡ ಉದ್ದ ಮಾಡಿ ಬೆಳಕಿನ ಕಡೆ ಚಾಚುತ್ತದೆ. ಅದು ಜಾಗ ಬದಲಿಸಿದಾಗ ಬುಡದ ಚೂರು ಕಲ್ಲಲ್ಲೇ ಉಳಿದು, ಅಲ್ಲೇ ಇನ್ನೊಂದು ಮರಿ ಏಳುತ್ತದೆ. ಪ್ರತ್ಯೇಕವಾಗಿ ಊಟ ಹಾಕುವ ಅಗತ್ಯವೇ ಬರುವುದಿಲ್ಲ.

ರೋಡಾಕ್ಟಿಸ್ ಹಾಗಲ್ಲ, ಅದಕ್ಕೆ ಹಸಿವು ಜಾಸ್ತಿ. ಮೇಲೆ ಸೀಗಡಿಯ ಸಣ್ಣ ಚೂರು ಇಟ್ಟು ನೋಡಿ. ಅಂಚು ನಿಧಾನವಾಗಿ ಏಳುತ್ತದೆ, ಸುತ್ತಲಿಂದ ಒಳಗೆ ಬಾಗುತ್ತದೆ, ಕೊನೆಗೆ ದಾರ ಎಳೆದ ಎಲೆಅಡಿಕೆ ಚೀಲದ ಹಾಗೆ ಬಾಯಿ ಮುಚ್ಚಿಕೊಳ್ಳುತ್ತದೆ. ನೋಡುತ್ತಾ ಕೂತರೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ಆದರೆ ಪಕ್ಕದ ಹವಳವನ್ನು ಚುಚ್ಚಿ ಸುಡುತ್ತದೆ, ಬೇಗ ಹರಡುತ್ತದೆ. ಪೆಸಿಫಿಕ್‌ನ ಪಾಲ್ಮೈರಾ ದ್ವೀಪದಲ್ಲಿ 1991ರಲ್ಲಿ ಮೀನುಗಾರಿಕೆ ಹಡಗೊಂದು ಹವಳದ ದಿಬ್ಬಕ್ಕೆ ಬಡಿದು ನಿಂತ ಮೇಲೆ, ಅದರ ಸುತ್ತಲಿನ ಹವಳವನ್ನೆಲ್ಲ ಮುಚ್ಚಿ ಹಬ್ಬಿದ್ದು ರೋಡಾಕ್ಟಿಸ್‌ನದೇ ಒಂದು ಜಾತಿ. ಹಾಗಾಗಿ ಮರಳಿನ ನಡುವೆ ಒಂಟಿ ಕಲ್ಲು ಕೊಡಿ, ದೊಡ್ಡ ಬಂಡೆಗೆ ತಾಗಿಸಬೇಡಿ.

ನನ್ನ ಮನಸ್ಸು ಇರುವುದು ರಿಕಾರ್ಡಿಯಾ ಮೇಲೆ. ಮೈತುಂಬ ಮಣಿ ಪೋಣಿಸಿದಂಥ ಗುಳ್ಳೆ. ನೀಲಿ ಲೈಟಲ್ಲಿ ಒಂದೊಂದು ಮಣಿಯೂ ಹೊಳೆಯುತ್ತದೆ, ಬಾಯಿಯ ಸುತ್ತ ಬೇರೆಯದೇ ಬಣ್ಣ. ಬೆಲೆ ಡಿಸ್ಕೋಸೋಮಾಗಿಂತ ಎಷ್ಟೋ ಪಟ್ಟು, ಬೆಳವಣಿಗೆ ನಿಧಾನ. ಅದರ ತಟ್ಟೆಯಂಥ ಮೈಮೇಲೆ ಎರಡು ಬಾಯಿ ಮೂಡಿದರೆ ಮುಂದೆ ಎರಡಾಗುತ್ತದೆ ಅಂತ ಅರ್ಥ. ಅದಕ್ಕಾಗಿ ಕಾಯುವುದೇ ಒಂದು ಖುಷಿ.

ಕಲ್ಲಿಗೆ ಹಿಡಿಸುವಾಗ ಮೂರೂ ಒಂದೇ ಥರ ಕಾಡುತ್ತವೆ. ಮೈ ಲೋಳೆ, ಸೂಪರ್ ಗ್ಲೂ ಹಚ್ಚಿದರೂ ಜಾರುತ್ತದೆ. ಸಣ್ಣ ಡಬ್ಬಿಗೆ ಸತ್ತ ಹವಳದ ಕಲ್ಲುಚೂರುಗಳನ್ನು ಹಾಕಿ, ಮಶ್ರೂಮ್ ಅನ್ನು ಒಳಗಿಟ್ಟು, ಸೊಳ್ಳೆಪರದೆಯ ತುಂಡು ಕಟ್ಟಿ, ನೀರಿನ ಸೆಳೆತ ಕಡಿಮೆ ಇರುವ ಕಡೆ ಬಿಡಿ. ತಾನೇ ಒಂದು ಚೂರನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆ ಚೂರನ್ನೇ ಅಂಟಿಸಿದರಾಯಿತು.

ರಿಕಾರ್ಡಿಯಾದಲ್ಲೂ ಎರಡು ಜಾತಿಗಳಿವೆ. ಕೆರಿಬಿಯನ್ ಕಡೆಯ ಫ್ಲೋರಿಡಾ ಅನ್ನುವ ಜಾತಿ ಗಟ್ಟಿ, ಹೊಸಬರಿಗೂ ಕೊಡಬಹುದು. ಇಂಡೋ-ಪೆಸಿಫಿಕ್‌ನ ಯೂಮಾ ಸೂಕ್ಷ್ಮ, ಪ್ರಯಾಣದಲ್ಲೇ ಸುಸ್ತಾಗಿ ಬರುತ್ತದೆ. ಏಪ್ರಿಲ್ ಸೆಕೆಗೆ ನೀರು 29 ಡಿಗ್ರಿ ಮುಟ್ಟಿದಾಗ ಮೊದಲು ಕುಗ್ಗಿದ್ದೂ ಅದೇ. ಯೂಮಾ ಬೇಕೇ ಬೇಕು ಅನ್ನುವವರು ಅಂಗಡಿಯಲ್ಲಿ ಬಾಯಿ ನೋಡಿ. ಅಗಲವಾಗಿ ತೆರೆದು ಒಳಗಿನ ಬಿಳಿ ಎಳೆಗಳು ಹೊರಗೆ ಬಂದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ.