ಮೇಲ್ ಸರ್ವರ್ ನಿಧಾನವಾಗಿದೆಯೇ? ಹೊಸ ಯಂತ್ರಕ್ಕೆ ಚೆಕ್ ಬರೆಯುವ ಮುನ್ನ

ಕಚೇರಿಯ ಮೂಲೆಯಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿರುವ ಪೀಣ್ಯ, ರಾಜಾಜಿನಗರದ ಸಣ್ಣ ಉದ್ಯಮದವರು ಇದನ್ನು ಓದಬೇಕು. ನಿರ್ವಹಣೆಯ ಗುತ್ತಿಗೆ ಹಿಡಿದವರು "ಯಂತ್ರ ಹಳತಾಯಿತು, ಬದಲಿಸಿ" ಎಂದರೆ, ಮೊದಲು ಮೇಲ್‌ಗಳ ಕ್ಯೂ, ಅಂದರೆ ಇನ್ನೂ ಹೊರಡದೆ ಕಾಯುತ್ತಿರುವ ಮೇಲ್‌ಗಳ ಸರತಿ, ತೋರಿಸಿ ಎಂದು ಪಟ್ಟು ಹಿಡಿಯಿರಿ. ನಾನು ಕೇಳಿದ್ದೆ. "ಅದೆಲ್ಲ ನಮಗೆ ಬಿಡಿ ಸಾರ್" ಎಂಬ ಉತ್ತರ ಬಂತು.

ನಮ್ಮಲ್ಲಿ ಬೆಳಿಗ್ಗೆ ಕಳುಹಿಸಿದ ಕೊಟೇಶನ್ ಗ್ರಾಹಕರಿಗೆ ಸಂಜೆ ಸಿಗುತ್ತಿತ್ತು. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್‌ಗಾಗಿ ಬಿಲ್ಲುಗಳ ದಾರಿ ಕಾಯುವ ಆಡಿಟರ್‌ರಿಂದ ಫೋನಿನ ಮೇಲೆ ಫೋನ್. ಗುತ್ತಿಗೆಯವರು ಬಂದು, ಡಿಸ್ಕ್‌ನ ದೀಪ ಒಂದೇ ಸಮನೆ ಮಿನುಗುವುದನ್ನು ನೋಡಿ ತೀರ್ಪು ಕೊಟ್ಟೇಬಿಟ್ಟರು. ಎಸ್.ಪಿ. ರಸ್ತೆಯಿಂದ ಹೊಸ ಯಂತ್ರ ಬಂತು. ಖಾತೆಗಳು, ಪಾಸ್‌ವರ್ಡ್‌ಗಳು ಇದ್ದ ಹಾಗೆಯೇ ಅದಕ್ಕೆ ಹೋದವು. ಹಳೆಯದನ್ನು ಫಾರ್ಮ್ಯಾಟ್ ಮಾಡಿದಾಗ ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆಗಳಿರುವ ಲಾಗ್‌ಗಳೂ ಅಳಿಸಿಹೋದವು. ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ಈ ಕೆಲಸಕ್ಕೇ ಹಣ ಪಡೆಯುವವರಿಗೆ ಅದು ತಿಳಿದಿರಬೇಡವೇ?

ಕೆಲವು ದಿನ ಎಲ್ಲವೂ ಸರಾಗ. ಆಮೇಲೆ ಮತ್ತದೇ ರಾಗ.

ಕೊನೆಗೆ ಲಿನಕ್ಸ್ ಬಲ್ಲ ಸ್ನೇಹಿತರೊಬ್ಬರು ಬಂದು ಟರ್ಮಿನಲ್‌ನಲ್ಲಿ 'ಮೇಲ್‌ಕ್ಯೂ' ಎಂಬ ಆದೇಶ ಕೊಟ್ಟರು. ಪರದೆಯ ಮೇಲೆ ಸಾಲುಗಳು ಓಡಲು ಶುರುವಾದವು, ನಿಲ್ಲುವ ಲಕ್ಷಣವೇ ಇರಲಿಲ್ಲ. ಸಾಲು ಸಾಲಿಗೂ ಕಳುಹಿಸಿದವರು ನಮ್ಮ 'ಸ್ಟೋರ್ಸ್' ವಿಭಾಗ. ಪಡೆಯುವವರು ನಮಗೆ ಯಾವ ಸಂಬಂಧವೂ ಇಲ್ಲದ ವಿದೇಶಿ ವಿಳಾಸಗಳು. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಯಾವ ಕಾಲವಾಗಿತ್ತೋ. ಖಾತೆಯನ್ನು ಮಾತ್ರ ಯಾರೂ ಮುಚ್ಚಿರಲಿಲ್ಲ. ಅದರ ಪಾಸ್‌ವರ್ಡ್ ಕಂಪನಿಯ ಹೆಸರಿಗೆ 123 ಅಂಟಿಸಿದ್ದು, ಗುತ್ತಿಗೆಯವರೇ ಇಟ್ಟಿದ್ದು. ಹೊಸ ಲಾಗ್‌ನಲ್ಲಿ ಆ ಖಾತೆಯನ್ನು ಹುಡುಕಿದರೆ ರಾತ್ರಿಯಿಡೀ ಹೊರದೇಶದ ಐಪಿಗಳಿಂದ (ಇಂಟರ್ನೆಟ್ ವಿಳಾಸಗಳಿಂದ) ಲಾಗಿನ್. ಕಳ್ಳರು ಆ ಖಾತೆಯೊಳಗೆ ನುಗ್ಗಿ ನಮ್ಮ ಸರ್ವರ್‌ನಿಂದ ಸ್ಪ್ಯಾಮ್, ಅಂದರೆ ಯಾರಿಗೂ ಬೇಡದ ಮೇಲ್, ಸುರಿಯುತ್ತಿದ್ದರು.

ನಮ್ಮ ಸರ್ವರ್‌ನಲ್ಲಿ ಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್, ತಲುಪದ ಮೇಲ್ ಅನ್ನು ಸುಮ್ಮನೆ ಬಿಸಾಡುವುದಿಲ್ಲ. ನಾವು ಬದಲಿಸದಿದ್ದರೆ 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಕಳುಹಿಸಲು ನೋಡುತ್ತದೆ. ಡಿಸ್ಕ್‌ಗೆ ಪುರುಸೊತ್ತಿಲ್ಲದ್ದು ಅದಕ್ಕೇ. ಇತ್ತ ಸ್ಪ್ಯಾಮ್ ಸುರಿಯುವ ಐಪಿಗೆ ಜಿಮೇಲ್‌ನಂಥವರು 421 ಎಂಬ ಸಂಕೇತ ಕೊಟ್ಟು 'ಆಮೇಲೆ ಬಾ' ಎನ್ನುತ್ತಾರೆ. ನಮ್ಮ ಅಸಲಿ ಬಿಲ್ಲು ಕೂಡ ಕಳ್ಳರ ಜೊತೆ ಅದೇ ಸರತಿಯಲ್ಲಿ ನಿಲ್ಲಬೇಕು. ಎಷ್ಟು ದುಬಾರಿ ಯಂತ್ರ ತಂದರೂ ಆ ಸರತಿ ಕರಗುವುದಿಲ್ಲ.

ವಿಷಯ ತಿಳಿಸಿದಾಗ ಗುತ್ತಿಗೆಯವರು ಓಡಿ ಬಂದು ಇನ್ನೊಂದು ಅನಾಹುತ ಮಾಡಿದರು: ಕ್ಯೂನಲ್ಲಿದ್ದದ್ದನ್ನೆಲ್ಲ ಒಂದೇ ಆದೇಶದಲ್ಲಿ ಅಳಿಸಿದರು. ಸ್ಪ್ಯಾಮ್ ಜೊತೆ ನಮ್ಮ ಕೊಟೇಶನ್‌ಗಳೂ ಹೋದವು. ಯಾವುದು ತಲುಪಿದೆ, ಯಾವುದು ಇಲ್ಲ ಎಂದು ತಿಳಿಯಲು ಗ್ರಾಹಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಬೇಕಾಯಿತು. ಮೊದಲು ಖಾತೆಗೆ ಬೀಗ ಹಾಕಬೇಕು, ತೆರೆದಿರುವ ಸಂಪರ್ಕಗಳನ್ನು ಕಡಿಯಬೇಕು, ಕ್ಯೂ ಅನ್ನು ತಡೆಹಿಡಿಯಬೇಕು, ಆಮೇಲೆ ಆ ಒಂದು ವಿಳಾಸದಿಂದ ಹೊರಟ ಮೇಲ್‌ಗಳನ್ನಷ್ಟೇ ಆರಿಸಿ ತೆಗೆಯಬೇಕು. ಅವಸರ ಮಾಡುವವರ ಕೈಗೆ ಕೀಬೋರ್ಡ್ ಕೊಡಬೇಡಿ.

ಇಷ್ಟರ ಮೇಲೆ, ಸ್ಪ್ಯಾಮ್ ಕಳುಹಿಸುವ ಐಪಿಗಳ ಪಟ್ಟಿ ಇಡುವ ಸಂಸ್ಥೆ ಸ್ಪ್ಯಾಮ್‌ಹೌಸ್‌ನ ಕಪ್ಪುಪಟ್ಟಿಯಿಂದ ನಮ್ಮ ಐಪಿಯನ್ನು ಬಿಡಿಸುವ 'ಶುಲ್ಕ' ಎಂದು ಬೇರೆ ಬಿಲ್ ಬಂತು. ಪಟ್ಟಿಯಿಂದ ತೆಗೆಯಲು ಸ್ಪ್ಯಾಮ್‌ಹೌಸ್ ಹಣ ಪಡೆಯುವುದಿಲ್ಲ. ತೊಂದರೆ ಸರಿಪಡಿಸಿ ಅವರ ತಾಣದಲ್ಲಿ ನೀವೇ ಮನವಿ ಸಲ್ಲಿಸಬಹುದು. ಆ ಬಿಲ್ ಅನ್ನು ನಾವು ವಾಪಸ್ ಕಳುಹಿಸಿದ್ದೇವೆ.